ನಾಲ್ಕು ಪದರದ ಹಳೆ ಸೀರೆ

ಉಡುಪಿಗೂ ಆರೋಗ್ಯಕ್ಕೂ ಇರುವ ನಂಟಿನ ಮಾತು ಬಂದರೆ ಚಳಿ, ಬಿಸಿಲು, ಧೂಳಿನಿಂದ ಮೈ ಕಾಯುವುದು ನೆನಪಾಗುತ್ತದೆ. ಈಚಿನ ವರ್ಷಗಳಲ್ಲಿ ಮುಖಗವಸು. ಆದರೆ ಉಟ್ಟು ಹಳತಾದ ಬಟ್ಟೆ ಕೊಡದ ಬಾಯಿಗೇರಿ ಜೀವ ಉಳಿಸಿದ ಚರಿತ್ರೆಯೂ ಒಂದಿದೆ, ಮತ್ತು ನಮ್ಮ ನಾಡಿನ ಮಟ್ಟಿಗೆ ಅದೇ ದೊಡ್ಡದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ರೂಢಿ ಬಹಳ ಹಿಂದಿನದು. ಯತಿಯಾದವನು ಬಟ್ಟೆಯಲ್ಲಿ ಸೋಸಿದ ನೀರನ್ನೇ ಕುಡಿಯಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಸುಶ್ರುತ ಸಂಹಿತೆ ಕದಡಿದ ನೀರನ್ನು ತಿಳಿಗೊಳಿಸುವ ಸಾಧನಗಳನ್ನು ಹೆಸರಿಸುವಾಗ ಬಟ್ಟೆಯನ್ನೂ ಸೇರಿಸುತ್ತದೆ. ಜೈನರ ಮನೆಗಳಲ್ಲಿ ಸೋಸದ ನೀರು ಬಾಯಿಗೆ ಹೋಗುವಂತಿಲ್ಲ. ಅಲ್ಲಿ ಕಾರಣ ಅಹಿಂಸೆ. ಇದನ್ನೆಲ್ಲ ಮುಂದಿಟ್ಟು, ಹಿರಿಯರಿಗೆ ಸೂಕ್ಷ್ಮಾಣುಗಳ ವಿಷಯ ಆಗಲೇ ಗೊತ್ತಿತ್ತು ಎಂದು ಬೀಗುವವರಿದ್ದಾರೆ. ಆ ಮಾತು ನಿಲ್ಲುವುದಿಲ್ಲ. ಗೊತ್ತಿದ್ದರೆ ನಾರುಹುಣ್ಣು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಮ್ಮ ಹಳ್ಳಿಗಳನ್ನು ಕಾಡುತ್ತಿರಲಿಲ್ಲ. ರೂಢಿ ಕೈಗೆ ಬಟ್ಟೆ ಕೊಟ್ಟಿತ್ತು. ಅದರಲ್ಲಿ ಏನನ್ನು ಹಿಡಿಯಬೇಕೆಂಬ ತಿಳಿವು ಬರುವವರೆಗೆ ಆ ಬಟ್ಟೆ ಅರ್ಧ ಕೆಲಸವನ್ನಷ್ಟೇ ಮಾಡಿತು.

ನಾರುಹುಣ್ಣಿನ ಬಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬಾವಿ, ಕೆರೆಗಳ ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಒಂದೆರಡು ಮಿಲಿಮೀಟರ್ ಉದ್ದದ ಜೀವಿ ಇರುತ್ತದೆ. ಅದರ ಹೊಟ್ಟೆಯೊಳಗೆ ಈ ರೋಗ ತರುವ ಹುಳುವಿನ ಮರಿ. ನೀರಿನ ಜೊತೆ ಅದನ್ನು ನುಂಗಿದವರ ಮೈಯಲ್ಲಿ ಸುಮಾರು ಒಂದು ವರ್ಷ ಯಾವ ಸುಳಿವೂ ಕಾಣುವುದಿಲ್ಲ. ಆಮೇಲೆ ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಬೊಕ್ಕೆ ಎದ್ದು ಒಡೆದು, ಶಾವಿಗೆ ಎಳೆಯಷ್ಟು ದಪ್ಪದ, ಒಂದು ಮೀಟರಿನವರೆಗೂ ಬೆಳೆದ ಹೆಣ್ಣುಹುಳು ತಲೆ ಹಾಕುತ್ತದೆ. ಎಳೆದರೆ ತುಂಡಾಗಿ ಒಳಗೇ ಕೊಳೆಯುತ್ತದೆ. ಹಾಗಾಗಿ ಅದನ್ನು ಸಣ್ಣ ಕಡ್ಡಿಗೆ ಸುತ್ತುತ್ತಾ ದಿನಕ್ಕೆ ಕೆಲವೇ ಸೆಂಟಿಮೀಟರ್ ಹೊರಗೆ ತೆಗೆಯಬೇಕು. ಬಿತ್ತನೆ, ಕಳೆ, ಕೊಯ್ಲು ಯಾವುದಕ್ಕೂ ಕಾಯದೆ, ದುಡಿಯುವ ಕಾಲು ವಾರಗಟ್ಟಲೆ ಮೂಲೆ ಸೇರುತ್ತದೆ. ಹುಣ್ಣಿನ ಉರಿ ತಾಳದೆ ಕಾಲನ್ನು ನೀರಿಗಿಳಿಸಿದ ಕ್ಷಣವೇ ಹುಳು ಲಕ್ಷಗಟ್ಟಲೆ ಮರಿಗಳನ್ನು ಚೆಲ್ಲುತ್ತದೆ. ಮೆಟ್ಟಿಲು ಬಾವಿ ಇದಕ್ಕೆ ಹೇಳಿ ಮಾಡಿಸಿದ ಜಾಗವಾಗಿತ್ತು. ಕೊಡ ತುಂಬಲು ಕಾಲನ್ನೂ ನೀರಿಗಿಳಿಸಬೇಕು, ಬೇಸಿಗೆಯಲ್ಲಿ ನೀರು ತಳ ಕಂಡಾಗಲಂತೂ ಇನ್ನೂ ಆಳಕ್ಕೆ. ಹೆಂಗಸರು ನೀರಿಗೆ ಇಳಿದದ್ದು ನಿರ್ಲಕ್ಷ್ಯದಿಂದಲ್ಲ, ಬಾವಿಯ ಕಟ್ಟೋಣವೇ ಹಾಗಿತ್ತು.

ಹುಳು ಸೈಕ್ಲಾಪ್ಸ್ ಮೂಲಕವೇ ಹರಡುತ್ತದೆಂದು ರಷ್ಯದ ವಿಜ್ಞಾನಿ ಅಲೆಕ್ಸೈ ಫೆಡ್ಚೆಂಕೊ ಕಂಡುಕೊಂಡದ್ದು 1870ರ ಹೊತ್ತಿಗೆ, ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ. ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಜೀವಿ ಅದು. ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸುಲಭವಾಗಿ ನಿಲ್ಲುತ್ತದೆ. ಹಾಗಾದರೆ ಸೋಸುವ ರೂಢಿಯಿದ್ದ ನಾಡಿನಲ್ಲಿ ರೋಗ ಉಳಿದದ್ದು ಹೇಗೆ? ಸೋಸುತ್ತಿದ್ದದ್ದು ಕಸ, ಎಲೆ, ಹುಳುಹುಪ್ಪಟೆ ಹೋಗಲೆಂದು. ಅದಕ್ಕೆ ಸಡಿಲ ನೇಯ್ಗೆಯ ಒಂದು ಪದರ ಸಾಕಾಗುತ್ತಿತ್ತು, ತೂತು ಬಿದ್ದಿದ್ದರೂ ನಡೆಯುತ್ತಿತ್ತು. ಮನೆಯಲ್ಲಿ ಸೋಸಿ ಕುಡಿದವರೂ ಹೊಲದಲ್ಲಿ ಬೊಗಸೆ ನೀರು ಕುಡಿಯುತ್ತಿದ್ದರು. ಜೈನರ ಆಚಾರ ಎಲ್ಲರಿಗಿಂತ ಕಟ್ಟುನಿಟ್ಟಿನದು, ಆದರೆ ಅದರಲ್ಲಿ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಜತನವಾಗಿ ಅದೇ ನೀರಿಗೆ ಮರಳಿ ಬಿಡಬೇಕು. ಮನೆಯ ಕೊಡ ಶುದ್ಧವಾಗುತ್ತಿತ್ತು. ಬಾವಿ ಇದ್ದಂತೆಯೇ ಇರುತ್ತಿತ್ತು.

ನಾರುಹುಣ್ಣು ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ 1983-84ರಲ್ಲಿ ಆರಂಭವಾದಾಗ ದೇಶದ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಕರ್ನಾಟಕ ಆ ಏಳರಲ್ಲಿ ಒಂದು. ಈ ರೋಗಕ್ಕೆ ಲಸಿಕೆ ಇರಲಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ, ಇಂದಿಗೂ ಇಲ್ಲ. ಇದ್ದದ್ದು ಮನೆಮನೆಯ ಹುಡುಕಾಟ, ಹುಣ್ಣಿಗೆ ಪಟ್ಟಿ ಕಟ್ಟಿ ರೋಗಿಯನ್ನು ನೀರಿನಿಂದ ದೂರವಿಡುವುದು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸುವುದು, ಕೊಳವೆಬಾವಿ ಕೊರೆಸುವುದು, ಸೈಕ್ಲಾಪ್ಸ್ ಸಾಯಲೆಂದು ನೀರಿಗೆ ಟೆಮೆಫಾಸ್ ಹಾಕುವುದು ಮತ್ತು ಸೋಸುವ ಬಟ್ಟೆ. ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಗೆಲುವು ಕೊಳವೆಬಾವಿಯದು, ಬಟ್ಟೆಗೆ ಯಾಕೆ ಹೊಗಳಿಕೆ ಎಂದು ಯಾರಾದರೂ ಕೇಳಬಹುದು. ಕೇಳುವುದರಲ್ಲಿ ಹುರುಳಿದೆ: ನೀರಿನ ಮೂಲವನ್ನೇ ಸರಿಪಡಿಸುವುದಕ್ಕಿಂತ ಗಟ್ಟಿ ಉಪಾಯವಿಲ್ಲ. ಆದರೆ ಕೊಳವೆಬಾವಿ ಬರಲು ಸರ್ಕಾರ ಬರಬೇಕು, ಕೈಪಂಪು ಕೆಟ್ಟರೆ ರಿಪೇರಿಯವನು ಬರಬೇಕು. ಬಟ್ಟೆ ಮಾತ್ರ ಅಂದೇ, ಅದೇ ಮನೆಯಲ್ಲಿ, ಆ ಮನೆಯ ಹೆಂಗಸಿನ ಕೈಯಲ್ಲಿತ್ತು. ದೊಡ್ಡ ಪರಿಹಾರ ಊರು ತಲುಪುವವರೆಗಿನ ಎಷ್ಟೋ ಬೇಸಿಗೆಗಳನ್ನು ಜನ ಹೇಗೋ ದಾಟಲೇಬೇಕಿತ್ತು.

ಸೋಸುವ ಬಟ್ಟೆ ರೋಗ ತಡೆಯುತ್ತದೆಂಬ ಮಾತಿಗೆ ಬಾಂಗ್ಲಾದೇಶದಲ್ಲಿ ಇನ್ನೂ ಬಿಗಿಯಾದ ಪುರಾವೆ ಸಿಕ್ಕಿತು. ಅಲ್ಲಿ ಹೆಂಗಸರು ಶರಬತ್ತಿನಂಥ ಪಾನೀಯಗಳನ್ನು ಹಳೆ ಸೀರೆಯಲ್ಲಿ ಸೋಸುತ್ತಿದ್ದರು. ಕಾಲರಾದ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವ ಪುಟ್ಟ ಪ್ಲವಕ ಜೀವಿಗಳಿಗೆ ಅಂಟಿಕೊಂಡು ಬದುಕುತ್ತದೆಂದು ತೋರಿಸಿದ್ದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಈ ರೂಢಿಯನ್ನೇ ಹಿಡಿದರು. ಪ್ರಯೋಗಾಲಯದಲ್ಲಿ ಹೊಸ ಸೀರೆಗಿಂತ ಹಳೆಯದೇ ಮೇಲೆನಿಸಿತು: ಒಗೆದು ಒಗೆದು ನೂಲಿನ ಎಳೆಗಳು ಬಿಚ್ಚಿಕೊಂಡು ನೇಯ್ಗೆಯ ಕಿಂಡಿಗಳು ಕಿರಿದಾಗಿರುತ್ತವೆ. ಕನಿಷ್ಠ ನಾಲ್ಕು ಪದರ ಮಡಿಸಿದರೆ ಪ್ಲವಕಕ್ಕೆ ಅಂಟಿದ ಬ್ಯಾಕ್ಟೀರಿಯಾದಲ್ಲಿ ನೂರಕ್ಕೆ 99ರಷ್ಟು ಅಲ್ಲೇ ನಿಲ್ಲುತ್ತಿತ್ತು. ಸೋಸಿದ ಮೇಲೆ ಬಟ್ಟೆಯನ್ನು ಜಾಲಿಸಿ, ಕೊನೆಗೆ ಸೋಸಿದ ನೀರಿನಿಂದಲೇ ತೊಳೆದು ಬಿಸಿಲಿಗೆ ಹಾಕಬೇಕು. ಮತ್ಲಬ್ ಪ್ರದೇಶದ 65 ಹಳ್ಳಿಗಳ, ಸುಮಾರು 1 ಲಕ್ಷ 33 ಸಾವಿರ ಜನರ ನಡುವೆ ನಡೆದ ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಸೀರೆ ಬಳಸಿದ ಹಳ್ಳಿಗಳಲ್ಲಿ ಕಾಲರಾ ನೂರಕ್ಕೆ 48ರಷ್ಟು ಇಳಿದಿತ್ತು. ಅಷ್ಟರಲ್ಲಿ ಆ ದೇಶದ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ವಿಷ ಪತ್ತೆಯಾಗಿ, ಶುದ್ಧವೆಂದು ನಂಬಿದ್ದ ನೀರೇ ಭಯ ಹುಟ್ಟಿಸುತ್ತಿತ್ತೆಂಬುದನ್ನೂ ನೆನೆಯಬೇಕು.

ಒಂಟಿ ಬ್ಯಾಕ್ಟೀರಿಯಾ ಯಾವ ಸೀರೆಯಲ್ಲೂ ನಿಲ್ಲದು, ವೈರಸ್ಸಂತೂ ಇಲ್ಲವೇ ಇಲ್ಲ. ಹಾಗಿರುವಾಗ ಬಡವರಿಗೆ ಸುಳ್ಳು ಧೈರ್ಯ ಕೊಟ್ಟಂತಾಗದೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಕುದಿಸಿದ ನೀರಿಗೆ ಸೋಸಿದ ನೀರು ಸಮವಲ್ಲ. ಆದರೆ ದಿನವೂ ನೀರು ಕುದಿಸಲು ಸೌದೆ ಬೇಕು, ಬಾಂಗ್ಲಾದೇಶದ ಆ ಹಳ್ಳಿಗಳಲ್ಲಿ ಸೌದೆ ದುಬಾರಿಯಾಗಿತ್ತು. ಕಾಲರಾ ಹಿಡಿಯಬೇಕಾದರೆ ಬ್ಯಾಕ್ಟೀರಿಯಾ ಬಹುಸಂಖ್ಯೆಯಲ್ಲಿ ಒಟ್ಟಿಗೇ ಹೊಟ್ಟೆ ಸೇರಬೇಕು. ಒಂದೊಂದು ಪ್ಲವಕ ಜೀವಿಯ ಮೇಲೆ ಅವು ಸಾವಿರಗಟ್ಟಲೆ ಕೂತಿರುತ್ತವೆ. ಆ ವಾಹಕವನ್ನು ತಡೆದರೆ ಉಳಿಯುವ ಪ್ರಮಾಣ ಎಷ್ಟೋ ಸಲ ರೋಗಕ್ಕೆ ಸಾಲದು. ಐದು ವರ್ಷಗಳ ಬಳಿಕ ಸಂಶೋಧಕರು ಅದೇ ಹಳ್ಳಿಗಳಿಗೆ ಮರಳಿದಾಗ, ಯಾರ ಒತ್ತಾಯವೂ ಇಲ್ಲದೆ ನೂರಕ್ಕೆ 31 ಹೆಂಗಸರು ಇನ್ನೂ ನೀರು ಸೋಸುತ್ತಿದ್ದರು. ಅಕ್ಕಪಕ್ಕದವರು ಸೋಸುತ್ತಿದ್ದರೆ ಸೋಸದ ಮನೆಗಳಿಗೂ ಒಂದಿಷ್ಟು ರಕ್ಷಣೆ ಸಿಗುತ್ತದೆಂಬ ಸುಳಿವೂ ಅಲ್ಲಿ ಕಂಡಿತು. ಉಳಿದವರು ಬಿಟ್ಟದ್ದನ್ನು ಸೋಲೆಂದು ಎಣಿಸುವ ಮುನ್ನ, ಪ್ರತಿ ಕೊಡಕ್ಕೂ ಬಟ್ಟೆ ಮಡಿಸಿ, ಸೋಸಿ, ಜಾಲಿಸಿ, ಒಣಹಾಕುವ ಈ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆಂದು ಕೇಳಬೇಕು. ಇಂಥ ಕಾರ್ಯಕ್ರಮಗಳ ಲೆಕ್ಕಪತ್ರಗಳಲ್ಲಿ ಸೋಸುವ ಬಟ್ಟೆಗೆ, ಟೆಮೆಫಾಸ್‌ಗೆ ದರ ಬರೆದಿರುತ್ತದೆ. ಆ ದುಡಿಮೆಗೆ ಯಾರೂ ದರ ಕಟ್ಟಿಲ್ಲ.