ಮನೆಗೆ ಮನೆ ಮುಯ್ಯಿ

ಪರೀಕ್ಷೆಗಳು ಮುಗಿದು ಏಪ್ರಿಲ್ ಎರಡನೆಯ ವಾರ ಬಂತೆಂದರೆ ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಬೀಗ ಹಾಕಿದ ಮನೆಗಳು ಒಂದೊಂದಾಗಿ ಹೆಚ್ಚುತ್ತವೆ. ಹಾಲು, ಪೇಪರು ನಿಲ್ಲಿಸಿ, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿ ಜನ ಊರಿಗೆ ಹೊರಡುತ್ತಾರೆ. ಅದೇ ಹೊತ್ತಿಗೆ ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ, ಅಲ್ಲಿನವರು ಬೆಂಗಳೂರಿನ ತಂಪನ್ನು ನೆನೆಯುತ್ತಿರುತ್ತಾರೆ. ಇಲ್ಲಿ ಮನೆ ಖಾಲಿ. ಬಂದವರಿಗೆ ಲಾಡ್ಜಿನ ಬಾಡಿಗೆ ಭಾರ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇದ್ದು ಬಂದರೆ ಹೇಗೆ?

ಯುರೋಪಿನ ಕೆಲವು ಶಿಕ್ಷಕರು ಈ ಪ್ರಶ್ನೆಗೆ 1953ರಲ್ಲೇ ಉತ್ತರ ಕಂಡುಕೊಂಡರು. ಮೇಷ್ಟರಿಗೆ ರಜೆ ಉದ್ದ, ಸಂಬಳ ಗಿಡ್ಡ. ರಜೆಯಲ್ಲಿ ಪರಸ್ಪರ ಮನೆ ಬದಲಾಯಿಸಿಕೊಳ್ಳಲು ಅವರು ಕಟ್ಟಿದ 'ಇಂಟರ್‌ವ್ಯಾಕ್' ಸಂಸ್ಥೆ ಮುಂದೆ ಅನೇಕ ದೇಶಗಳಿಗೆ ಹಬ್ಬಿತು. ಹಣದ ಮಾತಿಲ್ಲದೆ ಮನೆಗೆ ಮನೆ ಕೊಡುವುದೇ ಅದರ ತಿರುಳು.

ಈ ಲೆಕ್ಕ ನಮಗೆ ಹೊಸದಲ್ಲ. ಹಳ್ಳಿಯಲ್ಲಿ ಇಂದು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು ಎಂದು ದುಡಿಯುವವರು ಮುಯ್ಯಾಳುಗಳು. ಮದುವೆಯಲ್ಲಿ ಕೊಟ್ಟ ಉಡುಗೊರೆ ಮುಯ್ಯಾಗಿ ತಿರುಗಿ ಬರುತ್ತದೆ. ನೆಂಟರ ಮನೆಯ ವಾಸವೂ ಹಾಗೆಯೇ ನಡೆಯಿತು.

ಹಿಂದೆ ಪ್ರಯಾಣಿಕನಿಗೆ ಇದ್ದ ಆಸರೆ ಮೂರು: ನೆಂಟರು, ಮಠ, ಛತ್ರ. ಛತ್ರಗಳಿಗೂ ಅರವಟ್ಟಿಗೆಗಳಿಗೂ ದತ್ತಿ ಬಿಟ್ಟದ್ದನ್ನು ನಮ್ಮ ಶಾಸನಗಳು ಹೇಳುತ್ತವೆ. ಬೆಂಗಳೂರಿಗೆ ರೈಲಿನಲ್ಲಿ ಬಂದಿಳಿಯುವವರಿಗಾಗಿ ವ್ಯಾಪಾರಿ ಗುಬ್ಬಿ ತೋಟದಪ್ಪನವರು ನಿಲ್ದಾಣದ ಸಮೀಪದಲ್ಲೇ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ಆದರೆ ಆ ಕಾಲದ ಎಲ್ಲ ಛತ್ರಗಳ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಹಲವು ಕಡೆ ಜಾತಿ ಕೇಳಿಯೇ ಎಲೆ ಹಾಕುತ್ತಿದ್ದರು.

ಪ್ರಯಾಣಕ್ಕೆ ಋತುವಿನ ಕಟ್ಟೂ ಇತ್ತು. ಮಳೆಗಾಲದಲ್ಲಿ ಜೈನ ಮುನಿಗಳು ಸಂಚಾರ ನಿಲ್ಲಿಸಿ ಒಂದೆಡೆ ಚಾತುರ್ಮಾಸ ಕೂರುತ್ತಾರೆ. ಸುಗ್ಗಿ ಮುಗಿದ ಮೇಲೆ ರೈತ ಜಾತ್ರೆಗೆ ಬಂಡಿ ಕಟ್ಟುತ್ತಿದ್ದ. ಆಳುವವರಿಗಾದರೋ ಬೇಸಿಗೆಗೆಂದೇ ಇನ್ನೊಂದು ಮನೆ: ಕಮಿಷನರ್ ಕಬ್ಬನ್‌ಗೆ ನಂದಿಬೆಟ್ಟದ ಬಂಗಲೆ, ಮೈಸೂರು ಅರಸರಿಗೆ ಊಟಿಯ ಫರ್ನ್‌ಹಿಲ್ ಅರಮನೆ. ಮದರಾಸು ಸರ್ಕಾರವೇ ಬೇಸಿಗೆಯಲ್ಲಿ ಊಟಿಗೆ ಏರುತ್ತಿತ್ತು. ಗುಮಾಸ್ತನಿಗೆ ಇದ್ದದ್ದು ಅಜ್ಜಿಯ ಮನೆ ಒಂದೇ.

ರಾಜಾಜಿನಗರಕ್ಕೆ 1949ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ನಗರ ಪಶ್ಚಿಮಕ್ಕೆ ಬೆಳೆದಂತೆ ಬಸವೇಶ್ವರನಗರದಲ್ಲಿ ನೆಲೆಸಿದವರಲ್ಲಿ ಹೊರ ಜಿಲ್ಲೆಗಳಿಂದ ಬಂದವರು ಬಹಳ. ಊರಿನವರಿಗೆ ಇವರ ಮನೆಯೇ ಛತ್ರವಾಯಿತು. ಆಸ್ಪತ್ರೆಗೆ, ಸಂದರ್ಶನಕ್ಕೆ, ಪರೀಕ್ಷೆಗೆ ಎಂದು ಬಂದವರು ಇಲ್ಲಿ ಉಳಿದರು; ಬೇಸಿಗೆಯಲ್ಲಿ ಇಲ್ಲಿನ ಮಕ್ಕಳು ಅಲ್ಲಿಗೆ ಹೋದರು. ಯಾರೂ ಬರೆದಿಡದ ಮುಯ್ಯಿ ಇದು. ಇದರ ದೊಡ್ಡ ಗುಣವೆಂದರೆ ಎರಡೂ ಕಡೆಯವರು ಒಂದೇ ದಿನ ಹೊರಡಬೇಕಾಗಿರಲಿಲ್ಲ. ದೊಡ್ಡ ದೋಷವೆಂದರೆ ಎಲ್ಲರ ರಜೆಯ ಭಾರವನ್ನೂ ಆ ಮನೆಯ ಹೆಂಗಸು ಒಲೆಯ ಮುಂದೆ ಹೊತ್ತಳು. ಅವಳಿಗೆ ಮಾತ್ರ ರಜೆ ಇರಲಿಲ್ಲ.

1956ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ರಜೆ ಪ್ರಯಾಣದ ರಿಯಾಯಿತಿ ಬಂದಿತು. ಮುಂದೆ ಇಂಥ ಸೌಲಭ್ಯ ಪಡೆದ ಕುಟುಂಬಗಳು ನೆಂಟರಿಲ್ಲದ ಊರುಗಳನ್ನೂ ಕಂಡವು. ರೈಲಿನ ಖರ್ಚು ಬಂತು, ತಂಗುವ ಖರ್ಚು ಕೈಯಿಂದಲೇ ಹೋಯಿತು. ಮನೆ ವಿನಿಮಯ ಒದಗುವುದು ಇಲ್ಲಿಯೇ.

ಆದರೆ ನಮ್ಮಂಥ ವಿಸ್ತಾರವಾದ ದೇಶದಲ್ಲಿ ರಜೆಗಳು ಹೊಂದುವುದಿಲ್ಲ. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್, ಮೇ ರಜೆ. ದೆಹಲಿಯಲ್ಲಿ ಸಾಮಾನ್ಯವಾಗಿ ಮೇ ನಡುವಿನಿಂದ ಜೂನ್ ಕೊನೆಯವರೆಗೆ. ಕಾಶ್ಮೀರದಲ್ಲಿ ದೀರ್ಘ ರಜೆ ಚಳಿಗಾಲಕ್ಕೆ. ದೆಹಲಿಯವರೊಡನೆ ಒಟ್ಟಿಗೆ ಮನೆ ಬದಲಾಯಿಸಲು ಸಿಗುವುದು ಮೇ ಕೊನೆಯ ಎರಡು ವಾರ. ಅವರಿಗೆ ಬೆಂಗಳೂರಿನ ಮುಂಗಾರು ಪೂರ್ವ ಮಳೆ, ನಮಗೆ ಅಲ್ಲಿನ ಬಿಸಿಗಾಳಿ! ಕರಾವಳಿಗೆ ಜೂನ್‌ನಿಂದ ಮಳೆ, ತಮಿಳುನಾಡಿನ ಕರಾವಳಿಗೆ ಅಕ್ಟೋಬರ್‌ನಿಂದ. ಆದ್ದರಿಂದ ಮುಯ್ಯಿಯ ಹಳೆಯ ಜಾಣತನವೇ ಮೇಲು. ಈ ಬೇಸಿಗೆಯಲ್ಲಿ ಕಲಬುರಗಿಯವರು ಇಲ್ಲಿಗೆ ಬರಲಿ, ನಾವು ನಮ್ಮ ಊರಿಗೆ ಹೋಗೋಣ. ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿಗಳ ಕೋಟೆ ನೋಡಲು ನಾವು ಅಲ್ಲಿಗೆ ಹೊರಡೋಣ. ರೈಲಿನ ಮುಂಗಡ ಬುಕ್ಕಿಂಗ್ ಅವಧಿ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಮನೆಯ ಮಾತು ಅದಕ್ಕೂ ಮುಂಚೆಯೇ ಮುಗಿದಿರಬೇಕು.

ಕೊನೆಗೆ ಉಳಿಯುವುದು ನಂಬಿಕೆ. ಒಡವೆಯನ್ನು ಬ್ಯಾಂಕ್ ಲಾಕರಿನಲ್ಲಿ ಇಡಬಹುದು. ಕಾವೇರಿ ನೀರು ಬರುವ ದಿನ, ಸಂಪಿನ ಮೋಟಾರು, ಗ್ಯಾಸಿನ ರೆಗ್ಯುಲೇಟರು, ಕಸದ ಗಾಡಿಯ ಹೊತ್ತು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಬಹುದು. ಕಷ್ಟವಿರುವುದು ಅಡುಗೆಮನೆಯಲ್ಲೇ. ನಮ್ಮ ಪಾತ್ರೆಯಲ್ಲಿ ಅವರು ಏನು ಬೇಯಿಸುತ್ತಾರೋ, ದೇವರ ಕೋಣೆಯ ಬಾಗಿಲು ಯಾರು ತೆರೆಯುತ್ತಾರೋ ಎಂಬ ಅಳುಕು ಅನೇಕರನ್ನು ಹಿಂದಕ್ಕೆ ಎಳೆಯುತ್ತದೆ. ಒಪ್ಪಿಗೆಯಾಗದ್ದನ್ನು ಮೊದಲೇ ಬಾಯಿಬಿಟ್ಟು ಹೇಳುವುದು ಮರ್ಯಾದೆ. ಆದರೆ ನಮ್ಮವರಿಗೆ ಮಾತ್ರ ಎಂದರೆ ಹಳೆಯ ಛತ್ರದ ಪಂಕ್ತಿಯೇ ಮತ್ತೆ ಬಂದಂತೆ.

ಬಂದವರ ಜಾತಿ ಕೇಳದೆ ಮನೆಗೆ ಕರೆದುಕೊಳ್ಳಬೇಕೆಂದು 12ನೆಯ ಶತಮಾನದಲ್ಲಿ ಹೇಳಿದ ಬಸವಣ್ಣನವರ ಹೆಸರನ್ನು ನಮ್ಮ ಬಡಾವಣೆ ಹೊತ್ತಿದೆ. ಇಲ್ಲಿನ ಒಂದು ಮನೆಯ ಬೀಗದ ಕೈ ಅಪರಿಚಿತ ಕುಟುಂಬವೊಂದರ ಕೈ ಸೇರಿದರೆ, ಆ ಹೆಸರಿಗೆ ಅದೂ ಒಂದು ಸಣ್ಣ ಗೌರವ.