ಕ್ಯಾಡ್ ತರಬೇತಿ: ಗಣಿ, ಕಾಲುವೆ, ಸ್ಮಾರಕಗಳ ಸೀಮೆಯಲ್ಲಿ ನಕ್ಷೆಗಾರನ ವೃತ್ತಿ

ಮನೆಯಿರಲಿ, ಯಂತ್ರದ ಬಿಡಿಭಾಗವಿರಲಿ, ಕಾಲುವೆಯಿರಲಿ, ಯಾವುದೇ ನಿರ್ಮಾಣ ನಕ್ಷೆಯಿಂದಲೇ ಆರಂಭವಾಗುತ್ತದೆ. ಆ ನಕ್ಷೆಯನ್ನು ಕಂಪ್ಯೂಟರ್ ನೆರವಿನಿಂದ ರಚಿಸುವ ವಿದ್ಯೆಯೇ ಕ್ಯಾಡ್. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಅದಿರಿನ ಗಣಿ, ವಿಶ್ವ ಪರಂಪರೆಯ ತಾಣ, ನೀರಾವರಿ ಕಾಲುವೆ ಇವೆಲ್ಲವೂ ಒಂದರ ಪಕ್ಕ ಒಂದಿರುವ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶದಲ್ಲಿ ಈ ವಿದ್ಯೆಗೆ ಹಲವು ಬಗೆಯ ಬಳಕೆಯಿದೆ. ಆದರೆ ತಂತ್ರಾಂಶದ ಆದೇಶಗಳನ್ನು ಕೆಲವೇ ತಿಂಗಳಲ್ಲಿ ಕಲಿಯಬಹುದಾದರೂ, ಅಷ್ಟರಿಂದಲೇ ಯಾರೂ ನಕ್ಷೆಗಾರರಾಗುವುದಿಲ್ಲ. ತರಬೇತಿ ಆಯ್ದುಕೊಳ್ಳುವ ವಿದ್ಯಾರ್ಥಿಗಳು ಹಾಗೂ ಪೋಷಕರು ಮೊದಲು ಗಮನಿಸಬೇಕಾದ ಅಂಶ ಇದೇ.

ಏನಿದು ಕ್ಯಾಡ್?

ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್‌ಲೆಂಡ್ 1963ರಲ್ಲಿ ರೂಪಿಸಿದ ‘ಸ್ಕೆಚ್‌ಪ್ಯಾಡ್’ ಈ ವಿದ್ಯೆಯ ಮೂಲ ಎನ್ನಲಾಗುತ್ತದೆ. 1982ರಲ್ಲಿ ಬಂದ ಆಟೋಕ್ಯಾಡ್, ಸಾಮಾನ್ಯ ಕಚೇರಿಯ ಕಂಪ್ಯೂಟರ್‌ನಲ್ಲಿಯೂ ನಕ್ಷೆ ರಚನೆಯನ್ನು ಸಾಧ್ಯವಾಗಿಸಿತು. ಡ್ರಾಯಿಂಗ್ ಬೋರ್ಡ್, ಟಿ-ಸ್ಕ್ವೇರ್, ಟ್ರೇಸಿಂಗ್ ಹಾಳೆಗಳ ಜಾಗವನ್ನು ಕ್ರಮೇಣ ಪರದೆ ಆಕ್ರಮಿಸಿತು. ಕಟ್ಟಡ ಹಾಗೂ ರಸ್ತೆ ನಕ್ಷೆಗಳಿಗೆ ಆಟೋಕ್ಯಾಡ್, ಯಂತ್ರಭಾಗಗಳ ಮೂರು ಆಯಾಮದ ಮಾದರಿಗೆ ಸಾಲಿಡ್ ಎಡ್ಜ್, ಸಾಲಿಡ್‌ವರ್ಕ್ಸ್, ಕಟಿಯಾ ಮುಂತಾದವು ಬಳಕೆಯಲ್ಲಿವೆ.

ಸಾಧನ ಬದಲಾದರೂ ಮೂಲ ಪಾಠ ಬದಲಾಗಿಲ್ಲ. ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಕಲ್ಪಿಸಿಕೊಳ್ಳುವುದು, ಸೀಳಿದರೆ ಒಳಗೆ ಹೇಗೆ ಕಾಣುತ್ತದೆಂದು ತೋರಿಸುವುದು, ಅಳತೆಯನ್ನು ಗೊಂದಲವಿಲ್ಲದೆ ನಮೂದಿಸುವುದು ಈ ವಿದ್ಯೆಯ ಅಡಿಪಾಯ. ಭಾರತದಲ್ಲಿ ಪ್ರಥಮ ಕೋನ ಪ್ರಕ್ಷೇಪ ಪದ್ಧತಿ ರೂಢಿಯಲ್ಲಿದ್ದು, ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿ ಇದರ ನಿಯಮಗಳನ್ನು ವಿವರಿಸುತ್ತದೆ.

ಹೊಸಪೇಟೆ: ಅಳತೆಯ ಬೆಲೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಐದು ಭಾಗಗಳ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟನ್ನು ಸಿದ್ಧಪಡಿಸಿ, ಹರಿಯುವ ನೀರಿನಲ್ಲಿಯೇ ಆಗಸ್ಟ್ 17ರ ವೇಳೆಗೆ ಅಳವಡಿಸಲಾಯಿತು. ಜಲಾಶಯದ ನೀರನ್ನೇ ನಂಬಿದ್ದ ರೈತರ ಬೆಳೆ ಈ ಕೆಲಸವನ್ನು ಅವಲಂಬಿಸಿತ್ತು.

ಅಣೆಕಟ್ಟೆಯ ಗೇಟುಗಳ ಅಳತೆ 60 ಅಡಿ ಅಗಲ, 20 ಅಡಿ ಎತ್ತರ. ಒಂದು ಅಡಿಗೆ 304.8 ಮಿ.ಮೀ. ಆದ್ದರಿಂದ 60 ಅಡಿ ಎಂದರೆ 18,288 ಮಿ.ಮೀ. ಲೆಕ್ಕ ಸುಲಭವಾಗಲೆಂದು ಅಡಿಗೆ 300 ಮಿ.ಮೀ. ಹಿಡಿದರೆ ಉಕ್ಕಿನ ತೊಲೆ 288 ಮಿ.ಮೀ., ಅಂದರೆ ಹತ್ತಿರ ಹತ್ತಿರ ಒಂದು ಅಡಿ ಗಿಡ್ಡವಾಗುತ್ತದೆ. ಇಂತಹ ತಪ್ಪನ್ನು ಯಾವ ತಂತ್ರಾಂಶವೂ ತಾನಾಗಿ ಹಿಡಿದುಕೊಡುವುದಿಲ್ಲ.

ಸಂಡೂರು: ಗಡಿರೇಖೆಯ ಪ್ರಶ್ನೆ

ಸಂಡೂರು ತಾಲ್ಲೂಕಿನ ಗಣಿಗಳ ಕಥೆ ಒಂದರ್ಥದಲ್ಲಿ ನಕ್ಷೆಯ ಕಥೆಯೇ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. ಬಳಿಕ ಜಂಟಿ ಸಮೀಕ್ಷೆಯ ಆಧಾರದ ಮೇಲೆ ಗಣಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಗುತ್ತಿಗೆ ಪ್ರದೇಶದ ಹೊರಗಿನ ಅಕ್ರಮ ಗುಂಡಿಯ ವಿಸ್ತೀರ್ಣ ಗುತ್ತಿಗೆಯ ಶೇ. 10ರೊಳಗೆ, ಮಣ್ಣಿನ ರಾಶಿ ಮತ್ತಿತರ ಒತ್ತುವರಿ ಶೇ. 15ರೊಳಗೆ ಇದ್ದರೆ ‘ಬಿ’, ಅದನ್ನು ಮೀರಿದರೆ ‘ಸಿ’ ವರ್ಗ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಗಡಿರೇಖೆ ಎಲ್ಲಿ ಹಾದುಹೋಗುತ್ತದೆ ಎಂಬುದೇ ಗಣಿಯ ಭವಿಷ್ಯವನ್ನೂ, ಅದರೊಂದಿಗೆ ಕಾರ್ಮಿಕರ ಅನ್ನವನ್ನೂ ನಿರ್ಧರಿಸಿತು.

ಗಣಿ ಕ್ಷೇತ್ರದಲ್ಲಿ ಕ್ಯಾಡ್ ಬಳಸುವವರಿಗೆ ಟೋಟಲ್ ಸ್ಟೇಷನ್ ಹಾಗೂ ಡಿಜಿಪಿಎಸ್ ಸಮೀಕ್ಷೆಯ ಅಂಕಿಗಳನ್ನು ನಕ್ಷೆಗೆ ಇಳಿಸುವ ಜ್ಞಾನವೂ ಬೇಕು. ಇದೇ ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂತಹ ಘಟಕಗಳಲ್ಲಿ ಪೈಪ್ ಜಾಲ, ಉಕ್ಕಿನ ಚೌಕಟ್ಟು, ಯಂತ್ರಗಳ ನಕ್ಷೆ ಬಲ್ಲವರಿಗೆ ಕೆಲಸವಿರುತ್ತದೆ.

ಹಂಪಿ ಮತ್ತು ಕಂಪ್ಲಿ

ಹಂಪಿ 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೂ ಮೊದಲೇ, 1980ರ ದಶಕದ ಆರಂಭದಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ನೇತೃತ್ವದ ತಂಡಗಳು ಇಲ್ಲಿನ ಅವಶೇಷಗಳನ್ನು ಅಳೆದು ನಕ್ಷೆ ಮಾಡಿದವು. ವಾಸ್ತುಶಿಲ್ಪ ವಿದ್ಯಾರ್ಥಿಗಳೂ ಇದರಲ್ಲಿ ಪಾಲ್ಗೊಂಡರು. ಹೊಸ ಕಟ್ಟಡದ ನಕ್ಷೆ ಮುಂದೆ ಆಗಬೇಕಾದುದನ್ನು ಹೇಳಿದರೆ, ಸ್ಮಾರಕದ ನಕ್ಷೆ ಈಗ ಇರುವುದನ್ನು ಇದ್ದಂತೆ ದಾಖಲಿಸುತ್ತದೆ. ವಾಲಿದ ಕಂಬವನ್ನು ನೇರವಾಗಿ, ಮುರಿದ ಅಂಚನ್ನು ಪೂರ್ತಿಯಾಗಿ ಬರೆಯುವುದು ಇಲ್ಲಿ ದೋಷ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಮನೆ ಕಟ್ಟುವವರಿಗೂ ಅನುಮತಿ ಅಗತ್ಯವಿರುವುದರಿಂದ ನಿಯಮ ಬಲ್ಲ ನಕ್ಷೆಗಾರರ ಅವಶ್ಯಕತೆಯಿದೆ.

ಕಂಪ್ಲಿ ಭತ್ತ, ಕಬ್ಬಿನ ಸೀಮೆ. ವಿಜಯನಗರ ಕಾಲುವೆಗಳ ಪೈಕಿ ಕಂಪ್ಲಿ ಕಾಲುವೆಯೂ ಒಂದು. ಕಾಲುವೆ ದುರಸ್ತಿಗೆ ಅದರ ಉದ್ದದ ಛೇದ ಹಾಗೂ ಅಡ್ಡ ಛೇದಗಳ ನಕ್ಷೆ ಬೇಕು. ಮಟ್ಟದ ಒಂದು ಅಂಕಿ ತಪ್ಪಿದರೆ ಕೊನೆಯ ಭಾಗದ ಗದ್ದೆಗೆ ನೀರು ತಲುಪದು.

ಎಲ್ಲಿ, ಹೇಗೆ ಕಲಿಯಬಹುದು?

ಐಟಿಐ: ಗಣಿತ, ವಿಜ್ಞಾನದೊಂದಿಗೆ ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರು ಡ್ರಾಫ್ಟ್ಸ್‌ಮನ್ ಸಿವಿಲ್ ಅಥವಾ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ವೃತ್ತಿಗೆ ಸೇರಬಹುದು. ಅವಧಿ 2 ವರ್ಷ. ಎಲ್ಲ ಐಟಿಐಗಳಲ್ಲಿಯೂ ಈ ವೃತ್ತಿ ಇರುವುದಿಲ್ಲವಾದ್ದರಿಂದ ಆ ವರ್ಷದ ಪ್ರವೇಶ ಪಟ್ಟಿಯನ್ನು ನೋಡಿಕೊಳ್ಳಬೇಕು. ಮುಂದೆ ಅಪ್ರೆಂಟಿಸ್ ತರಬೇತಿಗೂ ಅವಕಾಶವಿದೆ.

ಡಿಪ್ಲೊಮಾ: ಎಸ್ಸೆಸ್ಸೆಲ್ಸಿ ಬಳಿಕ 3 ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ ಪಡೆಯಬಹುದು. ಡಿಪ್ಲೊಮಾ ಆದವರಿಗೆ ಡಿಸಿಇಟಿ ಮೂಲಕ ಎಂಜಿನಿಯರಿಂಗ್ ಪದವಿಯ ಎರಡನೇ ವರ್ಷದ ಬಾಗಿಲು ತೆರೆದಿದೆ.

ಜಿಟಿಟಿಸಿ: ಡೆನ್ಮಾರ್ಕ್ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಹೊಸಪೇಟೆಯಲ್ಲಿಯೂ ಇದೆ. ಈ ಸಂಸ್ಥೆಯಲ್ಲಿ ವಿನ್ಯಾಸದೊಂದಿಗೆ ಯಂತ್ರದ ಮೇಲಿನ ಕೆಲಸವನ್ನೂ ಕಲಿಸಲಾಗುತ್ತದೆ. ತಾನು ಬರೆದದ್ದು ಲೋಹದಲ್ಲಿ ತಯಾರಾಗುತ್ತದೆಯೇ ಎಂಬುದು ಕಲಿಯುವವರಿಗೆ ಅಲ್ಲಿಯೇ ಗೊತ್ತಾಗುತ್ತದೆ.

ಪದವಿ: 1997ರಲ್ಲಿ ಸ್ಥಾಪನೆಯಾದ ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯ ಹಾಗೂ ಬಳ್ಳಾರಿಯ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಕಲಿಯಬಹುದು. ವಿಟಿಯು ಪಠ್ಯಕ್ರಮದಲ್ಲಿ ಕಂಪ್ಯೂಟರ್ ನೆರವಿನ ಎಂಜಿನಿಯರಿಂಗ್ ಡ್ರಾಯಿಂಗ್ ಮೊದಲ ವರ್ಷದ ವಿಷಯ.

ಅಲ್ಪಾವಧಿ ಕೋರ್ಸ್: ಎಚ್ಚರವಿರಲಿ

ಖಾಸಗಿ ಕೇಂದ್ರಗಳ ಅಲ್ಪಾವಧಿ ಕೋರ್ಸ್‌ಗಳು ಈಗಾಗಲೇ ಐಟಿಐ, ಡಿಪ್ಲೊಮಾ ಅಥವಾ ಪದವಿ ಪಡೆದವರಿಗೆ ಉಪಯುಕ್ತ. ಬೇರೆ ತಾಂತ್ರಿಕ ಶಿಕ್ಷಣವಿಲ್ಲದವರು ಪ್ರಮಾಣಪತ್ರವೊಂದನ್ನೇ ನಂಬಿ ಸಾಲ ಮಾಡಿ ಶುಲ್ಕ ಕಟ್ಟುವುದು ಜಾಣತನವಲ್ಲ. ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವು: ಪ್ರಮಾಣಪತ್ರವನ್ನು ಮಾನ್ಯ ಮಾಡುವವರು ಯಾರು? ಒಬ್ಬರಿಗೆ ಒಂದು ಕಂಪ್ಯೂಟರ್ ಇದೆಯೇ? ಸ್ಥಳಕ್ಕೆ ಕರೆದೊಯ್ದು ಅಳತೆ ತೆಗೆಯಲು ಕಲಿಸುತ್ತಾರೆಯೇ? ‘ಉದ್ಯೋಗ ಖಚಿತ’ ಎನ್ನುವವರು ಅದನ್ನು ಬರೆದುಕೊಡುತ್ತಾರೆಯೇ?

ಅಭ್ಯಾಸಕ್ಕೆ ಹಣವೇ ಬೇಕೆಂದಿಲ್ಲ. ಫ್ರೀಕ್ಯಾಡ್, ಲಿಬ್ರೆಕ್ಯಾಡ್ ಹಾಗೂ ಭೂನಕ್ಷೆಗಳಿಗೆ ಕ್ಯುಜಿಐಎಸ್ ಉಚಿತವಾಗಿ ಲಭ್ಯ. ಕನ್ನಡ ಮಾಧ್ಯಮದ ವಿದ್ಯಾರ್ಥಿಗಳೂ ಅಳುಕಬೇಕಿಲ್ಲ. ತಂತ್ರಾಂಶದ ಆದೇಶಗಳು ಇಂಗ್ಲಿಷಿನಲ್ಲಿದ್ದರೂ ಬಳಕೆಯಿಂದ ರೂಢಿಯಾಗುತ್ತವೆ. ನಿಜವಾಗಿ ಬೇಕಾಗುವುದು ಹೈಸ್ಕೂಲಿನ ರೇಖಾಗಣಿತ.

ಉದ್ಯೋಗಕ್ಕೆ ಅರ್ಜಿ ಹಾಕುವವರು ತಾವೇ ಅಳೆದು ರಚಿಸಿದ ಐದಾರು ನಕ್ಷೆಗಳನ್ನು ಜೊತೆಗಿಟ್ಟುಕೊಳ್ಳುವುದು ಒಳಿತು. ಸ್ವಂತ ಮನೆ, ಊರಿನ ಮಂಟಪ, ಹೊಲದ ತೂಬು, ಅಕ್ಕಿ ಗಿರಣಿಯ ಒಂದು ಬಿಡಿಭಾಗ ಯಾವುದಾದರೂ ಆಗಬಹುದು. ಪ್ರತಿ ನಕ್ಷೆಯಲ್ಲಿ ಮಾಪಕ, ದಿನಾಂಕ, ಅಳತೆಯ ಏಕಮಾನ ನಮೂದಾಗಿರಬೇಕು.