ಅತಿಥಿಯಾದ ಅರಸ: ಲಾಲ್‌ಬಾಗಿನ ರಾಜಭೇಟಿಗಳು

ಅರಸನೊಬ್ಬ ತನ್ನ ತೋಟಕ್ಕೆ ಹೋದರೆ ಅದನ್ನು ಯಾರೂ ‘ಭೇಟಿ’ ಎನ್ನುವುದಿಲ್ಲ. 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಶುರು ಮಾಡಿದಾಗ ಅದು ಸುಮಾರು 40 ಎಕರೆಯ ಖಾಸಗಿ ತೋಟ. ಟಿಪ್ಪು ಅದನ್ನು ಬೆಳೆಸಿದ, ದೂರದೇಶಗಳಿಂದ ಗಿಡ, ಬೀಜ ತರಿಸಿದ. ಅಪ್ಪ ಮಗ ಇಬ್ಬರೂ ಅಲ್ಲಿ ಯಜಮಾನರು. ಭೇಟಿ ಎಂಬ ಮಾತಿಗೆ ಅರ್ಥ ಬರುವುದು ತೋಟ ಅರಸನ ಕೈಬಿಟ್ಟ ಮೇಲೆ. ಹಾಗಾಗಿ ಸಾರ್ವಜನಿಕ ಉದ್ಯಾನಕ್ಕೆ ರಾಜರು ಬಂದುಹೋದ ಚರಿತ್ರೆಯನ್ನು ಓದುವುದೆಂದರೆ, ನೆಲವೊಂದು ಯಾರಿಂದ ಯಾರ ಕೈಗೆ ಬಂತು ಎಂಬುದನ್ನು ಓದುವುದೂ ಹೌದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಾಲ್‌ಬಾಗು ಹಲವು ಕೈ ಬದಲಾಯಿಸಿತು. 1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು ಇಲ್ಲಿ ಮೇಲ್ವಿಚಾರಕರಾಗಿ ಬಂದರು. ಅವರ ಆಸಕ್ತಿ ಬರೀ ಅಂದಚಂದದ್ದಲ್ಲ. ಯಾವ ಗಿಡ ಈ ಹವೆಗೆ ಒಗ್ಗುತ್ತದೆ, ಯಾವುದರಿಂದ ವರಮಾನ ಬರುತ್ತದೆ ಎಂದು ನೋಡುವುದೂ ಅವರ ಕೆಲಸವಾಗಿತ್ತು. 1874ರಲ್ಲಿ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಈ ಸಾಲಿನಲ್ಲಿ ಮುಖ್ಯ ಹೆಸರು. ನಾವು ಸಾರಿಗೆ ಹಾಕುವ ಸೀಮೆಬದನೆ ಈ ಕಡೆ ಹಬ್ಬಿದ್ದರಲ್ಲಿ ಅವನ ಪಾಲು ದೊಡ್ಡದು ಎನ್ನುತ್ತಾರೆ.

1881ರಲ್ಲಿ ಮೈಸೂರಿನ ಆಡಳಿತ ಒಡೆಯರ ಮನೆತನಕ್ಕೆ ಮರಳಿತು. ಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು. ಆದರೆ ಲಾಲ್‌ಬಾಗು ಮತ್ತೆ ಅರಸರ ಖಾಸಗಿ ತೋಟವಾಗಲಿಲ್ಲ, ಸರ್ಕಾರದ ಸಸ್ಯತೋಟವಾಗಿಯೇ ಉಳಿಯಿತು. ಎಂಟು ವರ್ಷಗಳ ನಂತರ, 1889ರ ನವೆಂಬರ್ 30ರಂದು, ವಿಕ್ಟೋರಿಯಾ ರಾಣಿಯ ಮೊಮ್ಮಗ ಪ್ರಿನ್ಸ್ ಆಲ್ಬರ್ಟ್ ವಿಕ್ಟರ್ ಇಲ್ಲಿಗೆ ಬಂದು ಗಾಜಿನಮನೆಗೆ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ನೆನಪಿಸುವ ಕಟ್ಟಡ ಅದು. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ ಹಡಗೇರಿ ಬಂದವು. ಕಟ್ಟಡಕ್ಕೆ ಇಟ್ಟದ್ದೂ ರಾಜಕುಮಾರನ ಹೆಸರೇ.

ಈ ಒಂದು ಸಮಾರಂಭದಲ್ಲಿ ಆ ಕಾಲದ ಅಧಿಕಾರದ ಏಣಿ ಪೂರ್ತಿ ಕಾಣುತ್ತದೆ. ನೆಲ ಮೈಸೂರು ಸಂಸ್ಥಾನದ್ದು, ಯೋಜನೆ ಬ್ರಿಟಿಷ್ ಅಧಿಕಾರಿಯದು, ಕಬ್ಬಿಣ ಸ್ಕಾಟ್‌ಲೆಂಡಿನದು, ಹೆಸರು ಚಕ್ರವರ್ತಿನಿಯ ಮೊಮ್ಮಗನದು. ಮಣ್ಣು ಅಗೆದು ಗಿಡ ಉಳಿಸಿದವರು ಇಲ್ಲಿನ ತೋಟಗಾರರು. ಲಾಲ್‌ಬಾಗಿನೊಂದಿಗೆ ತಲೆಮಾರುಗಳಿಂದ ನಂಟಿರುವ ತಿಗಳ ಸಮುದಾಯದ ಕೈಗಳು ಅವರಲ್ಲಿ ಮುಖ್ಯ. ಆದರೆ ಅಡಿಗಲ್ಲು ಹಾಕಿದವನ ಹೆಸರು ಕಲ್ಲಿಗೆ ಹೋಗುತ್ತದೆ, ನೀರು ಹಾಕಿದವನ ಹೆಸರು ಸಂಬಳದ ಪಟ್ಟಿಗೆ ಹೋಗುತ್ತದೆ.

ಮುಂದೆ ಬ್ರಿಟನ್ನಿನ ಸಿಂಹಾಸನ ಏರಬೇಕಿದ್ದ ಆಲ್ಬರ್ಟ್ ವಿಕ್ಟರ್ 1892ರಲ್ಲಿ ಜ್ವರ ಬಂದು ತೀರಿಕೊಂಡ. ಅವನಿಗೆ ಸಲ್ಲಬೇಕಿದ್ದ ಪಟ್ಟ ತಮ್ಮ ಜಾರ್ಜನಿಗೆ ಹೋಯಿತು. ಆ ತಮ್ಮನೂ ಬೆಂಗಳೂರಿಗೆ ಬಂದ. 1906ರ ಫೆಬ್ರವರಿ 5ರಂದು ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅಜ್ಜಿ ವಿಕ್ಟೋರಿಯಾಳ ಅಮೃತಶಿಲೆಯ ಪ್ರತಿಮೆಯನ್ನು ಅನಾವರಣ ಮಾಡಿದ. ಪೇಟೆಯ ಬೆಂಗಳೂರಿಗೂ ದಂಡಿನ ಬೆಂಗಳೂರಿಗೂ ನಡುವೆ ಇರುವ ಜಾಗ ಅದು. ಹದಿನಾರು ವರ್ಷಗಳ ಅಂತರದಲ್ಲಿ ಅಣ್ಣ ಒಂದು ಉದ್ಯಾನಕ್ಕೆ ಕಲ್ಲು ಕೊಟ್ಟ, ತಮ್ಮ ಇನ್ನೊಂದು ಉದ್ಯಾನದಲ್ಲಿ ಪ್ರತಿಮೆ ನಿಲ್ಲಿಸಿದ. ಉದ್ಯಾನಗಳೇ ಏಕೆ? ಅರಮನೆಯೊಳಗಿನ ದರ್ಬಾರನ್ನು ನೋಡುವವರು ಕೆಲವರು. ದಿನವೂ ಸಾವಿರಾರು ಜನ ನಡೆದಾಡುವ ಕಡೆ ಒಂದು ಹೆಸರನ್ನು ನೆಟ್ಟರೆ, ಅದು ನಡೆಯುವವರ ಕಣ್ಣಿಗೆ ಬೀಳುತ್ತಲೇ ಇರುತ್ತದೆ.

ಮೂರನೆಯ ಭೇಟಿ ನಡೆದದ್ದು ಬೇರೆಯೇ ಕಾಲದಲ್ಲಿ. 1961ರ ಫೆಬ್ರವರಿಯಲ್ಲಿ ಎರಡನೆಯ ಎಲಿಜಬೆತ್ ಬೆಂಗಳೂರಿಗೆ ಬಂದಾಗ ಭಾರತ ಗಣರಾಜ್ಯವಾಗಿ ಹನ್ನೊಂದು ವರ್ಷವಾಗಿತ್ತು. ಆಗ ರಾಜ್ಯಪಾಲರಾಗಿದ್ದವರು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್. ಅಧಿಕಾರ ಬಿಟ್ಟುಕೊಟ್ಟ ಅರಸರು ಸಂವಿಧಾನದ ಹುದ್ದೆಯಲ್ಲಿದ್ದ ರಾಜ್ಯಕ್ಕೆ, ಸಾಮ್ರಾಜ್ಯ ಕಳೆದುಕೊಂಡ ರಾಣಿ ಅತಿಥಿಯಾಗಿ ಬಂದಿದ್ದರು. ಲಾಲ್‌ಬಾಗಿನಲ್ಲಿ ಆಕೆ ನೆಟ್ಟದ್ದು ಅರಕೇರಿಯಾ ಸಸಿ, ಜನ ‘ಕ್ರಿಸ್ಮಸ್ ಮರ’ ಎನ್ನುವ ಜಾತಿಯದು. ರಾಜಕುಮಾರ ಕಟ್ಟಡಕ್ಕೆ ಹೆಸರು ಕೊಟ್ಟುಹೋಗಿದ್ದ, ರಾಣಿ ಗಿಡ ನೆಟ್ಟು ಹೋದರು. ಕಟ್ಟಡದ ಮೇಲಿನ ಹೆಸರು ಒಡೆತನವನ್ನು ಸಾರುತ್ತದೆ. ಗಿಡ ಹಾಗಲ್ಲ, ನೆಟ್ಟವರು ಹೋದ ಮೇಲೆ ಅದನ್ನು ಇಲ್ಲಿಯವರೇ ಸಾಕಬೇಕು.

ಈ ಮೂರು ಭೇಟಿಗಳಲ್ಲಿ ಉಳಿದದ್ದೇನು? ಗಾಜಿನಮನೆ ಉಳಿದಿದೆ, ಅದರ ಮೊದಲ ಹೆಸರು ಬಳಕೆಯಲ್ಲಿಲ್ಲ. ಯಾರೂ ಆದೇಶ ಹೊರಡಿಸಬೇಕಾಗಲಿಲ್ಲ, ಜನ ‘ಗಾಜಿನಮನೆ’ ಎಂದರು, ಅಷ್ಟೇ. ಕಬ್ಬನ್ ಪಾರ್ಕಿನ ಕತೆ ಇದಕ್ಕೆ ತಿರುವುಮುರುವು. 1927ರಲ್ಲಿ ಅದಕ್ಕೆ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಟ್ಟರೂ ಬಾಯಿಮಾತಿನಲ್ಲಿ ಕಬ್ಬನ್ ಹೋಗಲಿಲ್ಲ. ಹಾಗಾಗಿ ಜನ ವಿದೇಶಿ ಹೆಸರನ್ನು ಬಿಟ್ಟು ದೇಶಿ ಹೆಸರನ್ನು ಹಿಡಿದರು ಎಂಬ ಸರಳ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ನಾಲಗೆಗೆ ಒಗ್ಗಿದ್ದು ಉಳಿಯಿತು. ಹೇರಿದವರು ಲಂಡನ್ನಿನವರೋ ಮೈಸೂರಿನವರೋ ಎಂಬುದನ್ನು ಅದು ನೋಡಲಿಲ್ಲ.

ಇಂದು 240 ಎಕರೆಯಷ್ಟಿರುವ ಲಾಲ್‌ಬಾಗಿನ ಗಾಜಿನಮನೆಯಲ್ಲಿ ವರ್ಷಕ್ಕೆ ಎರಡು ಸಲ ಫಲಪುಷ್ಪ ಪ್ರದರ್ಶನ ನಡೆಯುತ್ತದೆ: ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ. ರಾಜಕುಮಾರನ ಹೆಸರಲ್ಲಿ ಎದ್ದ ಮನೆ ರಾಜರಿಲ್ಲದ ದೇಶದ ಹಬ್ಬಕ್ಕೆ ಹೂವಿನ ಚಪ್ಪರವಾಗಿದೆ. ಈ ಬದಲಾವಣೆ ನಿಜವಾದದ್ದು, ಆದರೆ ಪೂರ್ತಿಯಾದದ್ದಲ್ಲ. ಗಣ್ಯರು ನೆಟ್ಟ ಮರಗಳ ಬುಡದಲ್ಲಿ ಫಲಕಗಳಿವೆ. ಅವನ್ನು ಬೆಳೆಸಿದವರ ಫಲಕ ಎಲ್ಲಿದೆ? ತೋಟದ ಚರಿತ್ರೆಯನ್ನು ಭೇಟಿ ಕೊಟ್ಟವರಿಂದ ಬರೆಯುವುದು ಸುಲಭ, ದಿನಾಂಕಗಳು ಸಿಗುತ್ತವೆ. ಪ್ರತಿದಿನ ಬಂದವರಿಂದ ಬರೆಯುವುದು ಕಷ್ಟ. ಲಾಲ್‌ಬಾಗಿನ ಮುಂದಿನ ಚರಿತ್ರೆಕಾರರಿಗೆ ಉಳಿದಿರುವುದು ಆ ಕಷ್ಟದ ಕೆಲಸ.